ಕಡತ ಹೊಸದಾಯಿತು, ಓದುವವರಾರು?

ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಕೈಬರಹದ ರೆಕಾರ್ಡುಗಳ ಬದಲು ಇ-ಪೋರ್ಟ್‌ಫೋಲಿಯೊ ಎಂಬ ವಿದ್ಯುನ್ಮಾನ ವೃತ್ತಿಸಂಪುಟವನ್ನು ಸಿದ್ಧಪಡಿಸಬೇಕೆ ಬೇಡವೆ ಎಂಬ ವಿವಾದದಲ್ಲಿ ಉಭಯಪಕ್ಷದವರೂ ಆವೇಶದಿಂದ ತೊಡಗಿರುವಾಗ, ಅದನ್ನು ಓದತಕ್ಕವರು ಯಾರು ಎಂಬ ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಹೊರಡದಿರುವುದು ನನಗೆ ವಿಸ್ಮಯವನ್ನುಂಟುಮಾಡಿದೆ. ಕಾಗದದ ಯುಗ ಮುಗಿಯಿತು, ನಾಳೆ ಉದ್ಯೋಗ ಬೇಡಿ ಹೋದಲ್ಲಿ ಪಾಠದ ವಿಡಿಯೊ, ಬೋಧನೋಪಕರಣಗಳ ಚಿತ್ರ, ಪ್ರಮಾಣಪತ್ರಗಳೆಲ್ಲ ಒಂದೇ ಲಿಂಕಿನಲ್ಲಿ ದೊರೆಯಬೇಕು ಎನ್ನುತ್ತಾರೆ ಒಂದು ಪಕ್ಷದವರು; ಯಂತ್ರಕ್ಕೆ ಒಪ್ಪಿಸಿದೊಡನೆ ನಕಲು ಹೆಚ್ಚುವುದೆಂದೂ ಕೈಯಾರೆ ಬರೆದರೇನೇ ಪಾಠಯೋಜನೆ ಮನಸ್ಸಿಗಿಳಿಯುವುದೆಂದೂ ವಾದಿಸುತ್ತಾರೆ ಮತ್ತೊಂದು ಪಕ್ಷದವರು.

ಎರಡನೆಯವರ ಮಾತನ್ನು ಮೊದಲು ನೋಡೋಣ. ನಕಲೆಂಬುದು ನಾಳೆ ಬರಲಿರುವ ಪಿಡುಗೇನೂ ಅಲ್ಲ. ಹಿಂದಿನ ತಂಡದವರ ಪಾಠಯೋಜನೆಯನ್ನು ತಾರೀಕು ಬದಲಿಸಿ ಇಳಿಸಿಕೊಳ್ಳುವುದೂ, ಹಣ ತೆತ್ತು ರೆಕಾರ್ಡು ಬರೆಸುವುದೂ, ಕಣ್ಣಾರೆ ಕಾಣದ ಪಾಠಕ್ಕೆ ವೀಕ್ಷಣಾ ವರದಿ ಒಪ್ಪಿಸುವುದೂ ನಾಡಿನ ಬಿ.ಎಡ್. ಓದಿದವರ ನಡುವೆ ಗುಟ್ಟಾಗಿ ಉಳಿದ ಸಂಗತಿಗಳಲ್ಲ. ಬಣ್ಣದ ಹೊದಿಕೆ, ಸ್ಕೆಚ್ ಪೆನ್ನಿನ ಅಂಚು, ಪುಟಪುಟಕ್ಕೂ ಒಂದೇ ಬಗೆಯ ಉದ್ದೇಶಗಳು, ಕೊನೆಗೊಂದು ಸಹಿ. ತಾನು ಬರೆದುದನ್ನು ಯಾರೂ ಓದುವುದಿಲ್ಲವೆಂದು ಮನಗಂಡವನು ತೂಕಕ್ಕಾಗಿ ಬರೆಯತೊಡಗಿದರೆ ಆಶ್ಚರ್ಯವೇನು? ಈಗಂತೂ ಚಾಟ್‌ಜಿಪಿಟಿಯಂಥ ಸಾಧನಗಳು ಬೇಕಾದಷ್ಟು ಆತ್ಮಾವಲೋಕನವನ್ನು ಕ್ಷಣಾರ್ಧದಲ್ಲಿ ಬರೆದುಕೊಡುತ್ತವೆ. ಆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠವನ್ನು ನೋಡಿದ್ದ ಬೋಧಕನೊಬ್ಬನಿಗೆ ಹೊರತು ಆ ಬರಹದ ಹುಸಿ ಮತ್ತಾರಿಗೂ ಗೊತ್ತಾಗದು.

ಹಾಗಾದರೆ ವೃತ್ತಿಸಂಪುಟದಿಂದ ಪ್ರಯೋಜನವೇ ಇಲ್ಲವೆ? ಇದೆ, ಬಹಳವಾಗಿಯೇ ಇದೆ. ಕನಕಪುರ ತಾಲ್ಲೂಕಿನ ಹಳ್ಳಿಯೊಂದರ ಶಾಲೆಗೆ ಇಂಟರ್ನ್‌ಷಿಪ್ಪಿಗೆಂದು ಬಂದ ಪ್ರಶಿಕ್ಷಣಾರ್ಥಿನಿಯೊಬ್ಬಳು ಕೀಟಗಳ ರೂಪಪರಿವರ್ತನೆಯ ಪಾಠವನ್ನು ಪುಸ್ತಕದ ಚಿತ್ರ ತೋರಿಸುತ್ತ ಆರಂಭಿಸಿದಳೆಂದು ಭಾವಿಸೋಣ. ಎದುರಿಗಿರುವ ಮಕ್ಕಳಲ್ಲಿ ಅನೇಕರು ರೇಷ್ಮೆ ಸಾಕುವ ಮನೆಗಳವರು. ಹುಳು ನಾಲ್ಕು ಬಾರಿ ಜ್ವರಕ್ಕೆ ಕೂತು ನಾಲ್ಕು ಬಾರಿ ಪೊರೆ ಕಳಚುವುದನ್ನೂ, ಕಡೆಯ ಜ್ವರದಿಂದೆದ್ದ ಮೇಲೆ ಹಗಲಿರುಳೆನ್ನದೆ ಸೊಪ್ಪಿಗಾಗಿ ಮನೆಮಂದಿಯನ್ನೆಲ್ಲ ಓಡಾಡಿಸುವುದನ್ನೂ, ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲೆಂದು ಚಂದ್ರಂಕಿಗೆ ಬಿಡುವುದನ್ನೂ ಕಂಡವರು, ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ ಹರಾಜಾಗುವುದನ್ನು ಬಲ್ಲವರು. ಆದರೆ ನೂಲು ಬೇಕಾದವನು ಪತಂಗ ಹೊರಬರುವುದಕ್ಕೆ ಮುನ್ನವೇ ಗೂಡಿನೊಳಗಿನ ಜೀವವನ್ನು ಕೊಲ್ಲಬೇಕಷ್ಟೆ. ಆದುದರಿಂದ ಪುಸ್ತಕದ ಕೊನೆಯ ಚಿತ್ರದಲ್ಲಿ ರೆಕ್ಕೆ ಬಿಚ್ಚಿ ಕುಳಿತಿರುವ ಪತಂಗವೊಂದನ್ನೇ ಅವರಲ್ಲಿ ಎಷ್ಟೋ ಮಂದಿ ನೋಡಿರಲಾರರು. ಅಧ್ಯಾಪಕಿಗೆ ಗೊತ್ತಿರುವುದು ಮಕ್ಕಳಿಗೆ ಹಳತು. ಮಕ್ಕಳಿಗೆ ಹೊಸತಾಗಿರುವುದನ್ನು ಅಧ್ಯಾಪಕಿ ಒಂದೇ ವಾಕ್ಯದಲ್ಲಿ ಮುಗಿಸಿದ್ದಾಳೆ. ಪಾಠ ಎಲ್ಲಿ ಜಾರಿತು, ಯಾವ ಮಗುವಿನ ಯಾವ ಮಾತಿನಿಂದ ಅದು ತಿಳಿಯಿತು, ಮರುದಿನ ಎಲ್ಲಿಂದ ಮತ್ತೆ ಹಿಡಿಯಬೇಕಾಯಿತು ಎಂಬುದನ್ನು ಅವಳು ಬಿಸಿಯಾರುವ ಮುನ್ನ ಬರೆದು, ಮಕ್ಕಳು ಬಿಡಿಸಿದ ಚಿತ್ರಗಳನ್ನು ಜೊತೆಗಿರಿಸಿ, ಕೆಲವು ವಾರ ಕಳೆದು ತಾನೇ ತಿದ್ದಿ, ತಿದ್ದಿದ್ದೂ ಮೊದಲಿನದೂ ಎರಡೂ ಉಳಿಯುವಂತೆ ಕಾಪಿಟ್ಟುಕೊಂಡಳಾದರೆ, ಹೊಲಿದ ರೆಕಾರ್ಡು ಎಂದೂ ಕೊಡಲಾರದ ಶಿಕ್ಷಣವನ್ನು ಆ ಸಂಪುಟ ಅವಳಿಗೆ ಕೊಡುತ್ತದೆ. ಮುಂದಿನ ವರ್ಷ ಅದೇ ಶಾಲೆಗೆ ಬರುವವಳಿಗೂ ಅದು ದೊರೆಯುವಂತಾದರೆ ಇನ್ನೂ ಲೇಸು. ಹಾಲೆಮರದ ತುಂಡು ಲೇತಿನ ಮೇಲೆ ತಿರುಗಿ ಗೊಂಬೆಯಾಗುವುದನ್ನು ನೋಡಿ ಬೆಳೆದ ಚನ್ನಪಟ್ಟಣದ ಮಗುವಿಗೆ ಸಿಲಿಂಡರು, ಶಂಕು, ಗೋಳಗಳ ಪಾಠವನ್ನು ಹೇಗೆ ಮಾಡಬೇಕು, ಮಾಗಡಿಯ ಮಗುವಿಗೆ ಶಿಲೆಗಳ ಪಾಠ ಹೇಳುವಾಗ ಸಾವನದುರ್ಗವನ್ನು ಹೇಗೆ ಬಳಸಿಕೊಳ್ಳಬೇಕು ಎಂಬುದನ್ನು ದೂರದ ಪಠ್ಯಕ್ರಮ ಸಮಿತಿ ಬರೆದುಕೊಡಲಾರದು.

ಹೀಗಿರುವಲ್ಲಿ, ಮೊದಲನೆಯ ಪಕ್ಷದ ಉತ್ಸಾಹಿಗಳು ತಾವು ಮೆಚ್ಚಿದ ಉಪಕರಣದ ಪೂರ್ವಚರಿತ್ರೆಯನ್ನು ಸ್ವಲ್ಪ ಪರಾಂಬರಿಸಬೇಕು. 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ಮೌಲ್ಯಮಾಪನಕ್ಕಾಗಿ ವೃತ್ತಿಸಂಪುಟವನ್ನು ಪ್ರಯೋಗಿಸಿದವರ ಮುಂದಾಳು ಲೀ ಶುಲ್ಮನ್; ತಿರುಳಿಗಿಂತ ಹೊರಮೆರುಗು ಮೇಲಾಗುವುದೆಂದೂ, ಶ್ರಮ ಮಿತಿಮೀರುವುದೆಂದೂ, ಅಂಕಗಳ ಒತ್ತಡದಲ್ಲಿ ಸಂಪುಟವೇ ಮತ್ತೊಂದು ಪರೀಕ್ಷೆಯಾಗಿ ವಿಕಾರಗೊಳ್ಳುವುದೆಂದೂ ಮುಂದೆ 1990ರ ದಶಕದಲ್ಲಿ ಎಚ್ಚರಿಸಿದವರೂ ಅವರೇ. ಆ ಎಚ್ಚರಿಕೆಗೆ ಕಿವಿಗೊಡದೆ ಅಲ್ಲಿನ ಹಲವು ರಾಜ್ಯಗಳು ಎಡ್‌ಟಿಪಿಎ ಎಂಬ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿದವು. ಪ್ರಶಿಕ್ಷಣಾರ್ಥಿಯು 300 ಡಾಲರು ಶುಲ್ಕ ತೆತ್ತು, ಪಾಠದ ವಿಡಿಯೊವನ್ನೂ ಅದರ ವ್ಯಾಖ್ಯಾನವನ್ನೂ ಕಳುಹಿಸಬೇಕು, ಅವನನ್ನಾಗಲಿ ಅವನ ಮಕ್ಕಳನ್ನಾಗಲಿ ಕಂಡರಿಯದವರು ಅಂಕ ಹಾಕಬೇಕು. ಜಾರ್ಜಿಯ 2020ರಲ್ಲಿ, ನ್ಯೂಯಾರ್ಕ್ 2022ರಲ್ಲಿ ಆ ಕಡ್ಡಾಯವನ್ನು ಕೈಬಿಟ್ಟವು. ಅವರು ಇಳಿಸಿದ ಹೊರೆಯನ್ನು ನಾವು ಹೊಸ ಸರಕೆಂದು ಹೊತ್ತುಕೊಳ್ಳಬೇಕಾದ ಕಾರಣವೇನೆಂದು ನನಗೆ ತಿಳಿಯದು.

ಇನ್ನು ವಿಡಿಯೊದ ಮಾತು. ತರಗತಿಯಲ್ಲಿ ತಪ್ಪು ಉತ್ತರ ಕೊಟ್ಟು ತಲೆತಗ್ಗಿಸಿದ ಬಾಲಕನ ಮುಖವು ಅಧ್ಯಾಪಕಿಯಾಗಲಿರುವವಳ ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ಜಾಲದಲ್ಲಿ ಶಾಶ್ವತವಾಗಿ ಉಳಿಯಬೇಕೆಂದು ಯಾವ ತಂದೆತಾಯಿಗಳು ಒಪ್ಪಿದ್ದಾರೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಹದಿನೆಂಟು ತುಂಬದವರ ವಿಷಯದಲ್ಲಿ ಹೆತ್ತವರ ಸಮ್ಮತಿಯನ್ನು ಸುಮ್ಮನೆ ಕೇಳಿಲ್ಲ. ಮುಖವನ್ನು ಬಿಟ್ಟು ಮಗುವಿನ ಬರಹವನ್ನೂ ಚಿತ್ರವನ್ನೂ ಹೆಸರಿಲ್ಲದೆ ಇಟ್ಟರೆ ಕಲಿಯುವವಳಿಗೆ ನಷ್ಟವೇನೂ ಆಗದು. ಪ್ರದರ್ಶಿಸುವವರಿಗೆ ಮಾತ್ರ ಆದೀತು. ಕನ್ನಡ ಮಾಧ್ಯಮದಲ್ಲಿ ಕಲಿಸಲಿರುವವಳು ತನ್ನ ಸೋಲುಗೆಲುವುಗಳನ್ನು ಇಂಗ್ಲಿಷಿನ ಸಿದ್ಧ ನಮೂನೆಯಲ್ಲಿ ತುಂಬಬೇಕೆಂಬ ಹಟವೂ ಬೇಡ, ಸಂಪುಟವು ಕಾಲೇಜಿನ ಸ್ವತ್ತೆಂಬ ಭಾವನೆಯೂ ಬೇಡ. ಶಾಲೆಗೆ ಹೋದ ಮೇಲೆ ಅಪ್‌ಲೋಡ್ ಎಂಬ ಕರ್ಮ ಹೇಗೂ ತಪ್ಪಿದ್ದಲ್ಲ. 2025ರ ಶರತ್ಕಾಲದಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ನಮ್ಮ ಶಿಕ್ಷಕರು ಮೊಬೈಲ್ ಆ್ಯಪ್ ಹಿಡಿದು ಮನೆಮನೆ ಅಲೆದುದನ್ನೂ, ಆ ಸಲುವಾಗಿ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆದುದನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಕರ್ಮಕ್ಕೆ ಉಪನಯನವನ್ನು ಬಿ.ಎಡ್. ಕಾಲೇಜಿನಲ್ಲೇ ಮಾಡಿಸುವ ಅವಸರವೇಕೆ?

ಓದತಕ್ಕವರ ವಿಷಯಕ್ಕೆ ಬರುತ್ತೇನೆ. ಬಿ.ಎಡ್. ಅನ್ನು ಎರಡು ವರ್ಷಕ್ಕೆ ವಿಸ್ತರಿಸಿ 20 ವಾರಗಳ ಇಂಟರ್ನ್‌ಷಿಪ್ಪನ್ನು ವಿಧಿಸಿದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿಯು, ಎರಡೂ ವರ್ಷ ಸೇರಿ 200 ಮಂದಿ ಓದುವ ಕಾಲೇಜಿನಲ್ಲಿ 16 ಮಂದಿ ಪೂರ್ಣಾವಧಿ ಬೋಧಕರಿರತಕ್ಕದ್ದೆಂದು ಹೇಳಿತು. ಅಂದರೆ ಒಬ್ಬೊಬ್ಬರ ಪಾಲಿಗೆ ಹನ್ನೆರಡು ಹದಿಮೂರು ಮಂದಿ. ಅಷ್ಟು ಜನರ ಸಂಪುಟವನ್ನು ಓದಿ, ಅಂಚಿನಲ್ಲಿ ಪ್ರಶ್ನೆ ಬರೆದು, ಅವರು ಕೊಟ್ಟ ಉತ್ತರವನ್ನು ಮತ್ತೆ ಓದುವುದು ಮನುಷ್ಯಮಾತ್ರರಿಗೆ ಅಸಾಧ್ಯವಲ್ಲ. ಹುದ್ದೆಗಳು ಖಾಲಿ ಬಿದ್ದು, ಇರುವವರು ಅತಿಥಿಗಳಾಗಿ ಬಂದುಹೋಗುವಲ್ಲಿ ಮಾತ್ರ ಅದು ಅಸಾಧ್ಯ. ಅಂಥಲ್ಲಿ ಪೋರ್ಟ್‌ಫೋಲಿಯೊ ಕಡ್ಡಾಯವೆಂದು ಸುತ್ತೋಲೆ ಹೊರಡಿಸುವುದು ಆಡಳಿತಗಾರನಿಗೆ ಬಲು ಸುಲಭ. ಪರಿಷತ್ತಿನ 2025ರ ಕರಡು ನಿಯಮಾವಳಿಯಾದರೋ ಒಂದು ವರ್ಷದ ಬಿ.ಎಡ್. ಅನ್ನು ಮರಳಿ ತರಲು ಹೊರಟಿದೆ, ಅವಧಿ ಕುಗ್ಗಿದೆಡೆ ಮೊದಲು ಕುಗ್ಗುವುದು ಓದುವ ಹೊತ್ತು. ಆದಕಾರಣ ವಿಶ್ವವಿದ್ಯಾಲಯಗಳು ಹೊಸ ಪಠ್ಯಕ್ರಮವನ್ನು ರಚಿಸಲು ಕುಳಿತಾಗ, ಪ್ರಶಿಕ್ಷಣಾರ್ಥಿಗಳ ಬರಹವನ್ನು ಓದುವುದಕ್ಕೆಂದು ಬೋಧಕರ ವೇಳಾಪಟ್ಟಿಯಲ್ಲಿ ವಾರಕ್ಕಿಷ್ಟು ಗಂಟೆಯೆಂದು ಮೊದಲು ನಮೂದಿಸಲಿ, ಆ ಬರಹಕ್ಕೆ ಅಂಕ ಕೊಡುವುದನ್ನು ಕೈಬಿಡಲಿ. ಯಾವ ತಂತ್ರಾಂಶ, ಎಷ್ಟು ಜಾಗ, ಯಾವ ಲಿಂಕು ಎಂಬುದನ್ನು ಆಮೇಲೆ ಗೊತ್ತುಮಾಡಬಹುದು.