ಜೇಬಿನ ಕ್ಯಾಮೆರಾವೋ, ಕನ್ನಡಿಯಿಲ್ಲದ ಕ್ಯಾಮೆರಾವೋ?

ಬೆಂಗಳೂರಿನಲ್ಲಿ ನೆಲೆಸಿರುವ ಸೋದರಿಯೊಬ್ಬರು ಈ ಅಂಕಣಕ್ಕೆ ಪ್ರಶ್ನೆಯೊಂದನ್ನು ಕಳುಹಿಸಿದ್ದಾರೆ. ಅವರ ಪತಿಯ ಹುಟ್ಟೂರು ಮೇಗರವಳ್ಳಿ; ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ಹೆದ್ದಾರಿಯಲ್ಲಿ ಸಿಕ್ಕುವ ಊರು. ಅಲ್ಲಿಯ ಹಳೆಯ ತೊಟ್ಟಿಮನೆಯಲ್ಲಿ ೮೨ ವರ್ಷದ ಅತ್ತೆಯವರು ಹಿರಿಯ ಮಗನೊಡನೆ ಇದ್ದಾರೆ. ಮುಂದಿನ ಬೇಸಗೆಯಲ್ಲಿ ಆ ಮನೆಯನ್ನು ಬಿಚ್ಚಿ, ಅದೇ ಜಾಗದಲ್ಲಿ ತಾರಸಿ ಮನೆ ಕಟ್ಟಿಸಬೇಕೆಂದು ಅಣ್ಣತಮ್ಮಂದಿರು ನಿಶ್ಚಯಿಸಿದ್ದಾರೆ. “ಅದಕ್ಕೆ ಮೊದಲು ಮನೆಯ ಚಿತ್ರಗಳನ್ನೂ ಅತ್ತೆಯವರ ಚಿತ್ರಗಳನ್ನೂ ಚೆನ್ನಾಗಿ ತೆಗೆದಿಟ್ಟುಕೊಳ್ಳಬೇಕೆಂದು ನಮ್ಮ ಆಸೆ. ಮಿರರ್‌ಲೆಸ್ ಕ್ಯಾಮೆರಾವೇ ಆಗಬೇಕೆಂದು ಮಗನ ಹಟ. ಜೇಬಿನಲ್ಲಿ ಹಿಡಿಸುವ ಕಾಂಪ್ಯಾಕ್ಟ್ ಸಾಕೆಂದು ಯಜಮಾನರ ವಾದ. ಕೊಳ್ಳಲಾಗುವುದು ಒಂದನ್ನೇ. ಯಾವುದನ್ನು ಕೊಳ್ಳೋಣ?” ಎಂದು ಅವರು ಕೇಳಿದ್ದಾರೆ.

ನಮ್ಮ ಹಿರಿಯರಿಗೆ ಈ ತೊಡಕು ಇರಲಿಲ್ಲ. ಮಧ್ಯಮ ವರ್ಗದ ಮನೆಯೊಂದರಲ್ಲಿ ಕ್ಯಾಮೆರಾ ಇದೆಯೆಂದರೆ ಅದು ಬಹುಮಟ್ಟಿಗೆ ಅಗ್ಫಾ ಕ್ಲಿಕ್ ೩ ಎಂಬ ಪೆಟ್ಟಿಗೆಯೇ ಆಗಿರುತ್ತಿತ್ತು. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಒಂದು ಸುರುಳಿಗೆ ೧೨ ಚಿತ್ರ. ಆಯ್ಕೆಯಿಲ್ಲದ್ದರಿಂದ ಜಗಳವೂ ಇರಲಿಲ್ಲ. ಈಗಲಾದರೋ ಅಂಗಡಿಯವನು ಮುಂದಿಡುವ ಅಂಕಿಗಳ ಪಟ್ಟಿಯನ್ನು ಓದಿ ಮುಗಿಸುವಷ್ಟರಲ್ಲಿ ಮೇಗರವಳ್ಳಿಯ ಮನೆಯ ಹೆಂಚು ಇಳಿಸಿ ಆಗಿರುತ್ತದೆ! ಆದುದರಿಂದ ಅಂಕಿಗಳಲ್ಲಿ ಅವಶ್ಯವಾದಷ್ಟನ್ನೇ ನೋಡೋಣ.

ಮೊದಲು ಹೆಸರಿನ ವಿಚಾರ. ಹಿಂದಿನ ದೊಡ್ಡ ಕ್ಯಾಮೆರಾಗಳಲ್ಲಿ ಮಸೂರದ ಹಿಂದೆ ಒಂದು ಕನ್ನಡಿ ಇರುತ್ತಿತ್ತು. ಮಸೂರದಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದೊಡನೆ ತಾನು ಸರಿದು ದಾರಿ ಬಿಡುತ್ತಿತ್ತು. ಕಂಡದ್ದನ್ನು ಸಣ್ಣ ಪರದೆಯ ಮೇಲೆಯೇ ತೋರಿಸುವ ಅನುಕೂಲ ಬಂದ ಮೇಲೆ ಕನ್ನಡಿಗೆ ಕೆಲಸ ಉಳಿಯಲಿಲ್ಲ. ೨೦೦೮ರಲ್ಲಿ ಪ್ಯಾನಸೋನಿಕ್ ಕಂಪೆನಿ ‘ಜಿ ೧’ ಎಂಬ ಕ್ಯಾಮೆರಾವನ್ನು ಹೊರತಂದಿತು. ಅದರಲ್ಲಿ ಕನ್ನಡಿ ಇರಲಿಲ್ಲ, ಆದರೆ ಮಸೂರವನ್ನು ಮಾತ್ರ ಮೊದಲಿನಂತೆಯೇ ಬದಲಾಯಿಸಬಹುದಾಗಿತ್ತು. ಮಿರರ್‌ಲೆಸ್ ಎಂದರೆ ಇಷ್ಟೆ. ಕಾಂಪ್ಯಾಕ್ಟಿನಲ್ಲಿಯೂ ಕನ್ನಡಿ ಇಲ್ಲ. ಆದರೆ ಅದರ ಮಸೂರ ಒಡಲಿಗೆ ಅಂಟಿಕೊಂಡೇ ಇರುತ್ತದೆ. ಆದುದರಿಂದ ನಿಜವಾದ ಪ್ರಶ್ನೆ ಕನ್ನಡಿಯದಲ್ಲ: ಮಸೂರವನ್ನು ಬದಲಾಯಿಸುವ ಅಗತ್ಯ ನಿಮಗೆ ಉಂಟೇ ಇಲ್ಲವೇ ಎಂಬುದು.

ಚಿತ್ರದ ಗುಣ ಬೆಳಕಿನಿಂದ ಬರುವಂಥದು. ಮಲೆನಾಡಿನ ಮಳೆಗಾಲದಲ್ಲಿ ಸೂರಿನಿಂದ ಸುರಿಯುವ ನೀರಿಗೆ ಪಾತ್ರೆ ಒಡ್ಡುವುದನ್ನು ನೀವು ನೋಡಿಯೇ ಇರುತ್ತೀರಿ. ಎಷ್ಟು ನೀರು ತುಂಬುವುದೆಂಬುದು ಎರಡು ಸಂಗತಿಗಳನ್ನು ಅವಲಂಬಿಸಿದೆ: ಪಾತ್ರೆಯ ಬಾಯಿ ಎಷ್ಟು ಅಗಲ, ಮಳೆ ಎಷ್ಟು ಬಿರುಸು. ಕ್ಯಾಮೆರಾದಲ್ಲಿ ಪಾತ್ರೆಯೆಂದರೆ ಬೆಳಕನ್ನು ಹಿಡಿಯುವ ಫಲಕ, ಅಂದರೆ ಸೆನ್ಸರ್. ಮಳೆಯ ಬಿರುಸೆಂದರೆ ಮಸೂರದ ಬಾಯಗಲ. ಸಾಮಾನ್ಯವಾದ ಒಂದು ಬಗೆಯ ಮಿರರ್‌ಲೆಸ್ ಕ್ಯಾಮೆರಾದ ಫಲಕ ಸುಮಾರು ೨೩.೫ ಮಿಲಿಮೀಟರ್ ಉದ್ದ, ೧೫.೬ ಮಿಲಿಮೀಟರ್ ಅಗಲ. ಒಳ್ಳೆಯ ಜಾತಿಯ ಕಾಂಪ್ಯಾಕ್ಟಿನಲ್ಲಿ ‘ಒಂದಂಗುಲದ್ದು’ ಎಂದು ಕರೆಯಿಸಿಕೊಳ್ಳುವ ಫಲಕದ ಅಳತೆ ೧೩.೨ಕ್ಕೆ ೮.೮. ಗುಣಿಸಿ ನೋಡಿದರೆ ಮೊದಲನೆಯದು ಎರಡನೆಯದರ ಮೂರುಪಟ್ಟಿಗಿಂತ ತುಸು ಹೆಚ್ಚು. ಮಗ ಹಟ ಹಿಡಿದಿರುವುದು ಈ ಲೆಕ್ಕದ ಮೇಲೆಯೇ ಇರಬೇಕು.

ಆದರೆ ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಮಿರರ್‌ಲೆಸ್ ಕ್ಯಾಮೆರಾದೊಡನೆ ಪೆಟ್ಟಿಗೆಯಲ್ಲಿಯೇ ಬರುವ ಅಗ್ಗದ ಮಸೂರ ಸಾಮಾನ್ಯವಾಗಿ ಎಫ್ ೩.೫ರಿಂದ ೫.೬ರವರೆಗಿನದು. ಈ ಅಂಕಿ ಚಿಕ್ಕದಾದಷ್ಟೂ ಮಸೂರದ ಬಾಯಿ ದೊಡ್ಡದೆಂದು ತಿಳಿಯಬೇಕು. ೨೦೧೪ರಲ್ಲಿ ಬಂದ ಸೋನಿ ಆರ್‌ಎಕ್ಸ್ ೧೦೦ರ ಮೂರನೆಯ ಮಾದರಿಯಂತಹ ಕಾಂಪ್ಯಾಕ್ಟಿನಲ್ಲಿ ಮಸೂರ ಎಫ್ ೧.೮ರಿಂದ ೨.೮ರವರೆಗಿನದು. ೫.೬ಕ್ಕೂ ೨.೮ಕ್ಕೂ ಬೆಳಕಿನಲ್ಲಿ ನಾಲ್ಕುಪಟ್ಟಿನ ಅಂತರವಿದೆ. ಅಂದರೆ ಒಬ್ಬನ ಪಾತ್ರೆ ಮೂರುಪಟ್ಟು ದೊಡ್ಡದು. ಆದರೆ ಇನ್ನೊಬ್ಬನ ಸೂರಿನಲ್ಲಿ ನೀರಿನ ಬಿರುಸು ನಾಲ್ಕುಪಟ್ಟು! ಕೊನೆಗೆ ಇಬ್ಬರ ಪಾತ್ರೆಯಲ್ಲಿಯೂ ನೀರು ಹೆಚ್ಚುಕಡಿಮೆ ಅಷ್ಟೇ. ಪೆಟ್ಟಿಗೆಯ ಮಸೂರವೊಂದನ್ನೇ ಕಚ್ಚಿಸಿಕೊಂಡು ತಿರುಗುವ ಮಿರರ್‌ಲೆಸ್ ಕ್ಯಾಮೆರಾ, ಕತ್ತಲೆಯ ಕೋಣೆಯಲ್ಲಿ ಒಳ್ಳೆಯ ಕಾಂಪ್ಯಾಕ್ಟನ್ನು ಸೋಲಿಸಲಾರದು. ಅದಕ್ಕೆ ಎಫ್ ೧.೮ರ ಬೇರೊಂದು ಮಸೂರವನ್ನು ಕೊಂಡು ಹಾಕಿದಾಗ ಮಾತ್ರ ದೊಡ್ಡ ಪಾತ್ರೆಯ ಪ್ರಯೋಜನ ದೊರೆಯುತ್ತದೆ.

ಇನ್ನು ನೀವು ತೆಗೆಯಬೇಕೆಂದಿರುವ ಚಿತ್ರಗಳು ಯಾವುವು? ಇದನ್ನು ಅಂಗಡಿಯವನು ಕೇಳುವುದಿಲ್ಲ, ಮನೆಯವರೇ ಕೇಳಿಕೊಳ್ಳಬೇಕು.

ಒಂದನೆಯದು ಮನೆ. ತೊಟ್ಟಿಯ ಸುತ್ತಲಿನ ಕಂಬಗಳು, ಜಗಲಿ, ಮುಚ್ಚಿಗೆಯ ತೊಲೆಗಳು, ಕಪ್ಪುಹಿಡಿದ ಅಡುಗೆಮನೆ, ಅಟ್ಟದ ಏಣಿ. ಇವೆಲ್ಲ ಕತ್ತಲೆಯಲ್ಲಿರುವುವು ನಿಜ. ಆದರೆ ಇವು ಅಲುಗುವುದಿಲ್ಲವಷ್ಟೆ. ಅಲುಗದ ವಸ್ತುವಿಗೆ ಬೆಳಕು ಕಡಿಮೆಯಾದರೂ ಚಿಂತೆಯಿಲ್ಲ. ಮುಕ್ಕಾಲಿಯ ಮೇಲೆ ಕ್ಯಾಮೆರಾವನ್ನು ನಿಲ್ಲಿಸಿ ಒಂದೆರಡು ಸೆಕೆಂಡು ಕಣ್ಣು ತೆರೆದಿರುವಂತೆ ಮಾಡಿದರೆ, ಚಿಕ್ಕ ಫಲಕವೂ ನಿಧಾನವಾಗಿ ತುಂಬಿಕೊಳ್ಳುತ್ತದೆ. ಇಲ್ಲಿ ಬೇಕಾದದ್ದು ಮುಕ್ಕಾಲಿ ಮತ್ತು ತಾಳ್ಮೆ.

ಎರಡನೆಯದು ಅತ್ತೆಯವರು. ಅವರು ಅಲುಗುವರು. ಒಲೆಯ ಮುಂದೆ ಬಗ್ಗುವರು, ಅಡಕೆ ಸುಲಿಯುತ್ತ ಯಾರನ್ನೋ ಕರೆಯುವರು, ಮೊಮ್ಮಗನ ಮಾತಿಗೆ ನಗುವರು. ಆ ನಗುವಿಗೆ ಮುಕ್ಕಾಲಿಯಿಂದ ಉಪಯೋಗವಿಲ್ಲ. ಅಗಲ ಬಾಯಿಯ ಮಸೂರವೂ ಕೈಗೆಟುಕುವಂತಿರುವ ಕ್ಯಾಮೆರಾವೂ ಬೇಕು. ಮಲೆನಾಡಿನ ಹಿರಿಯ ಹೆಂಗಸರ ಮುಂದೆ ದೊಡ್ಡ ಕ್ಯಾಮೆರಾವನ್ನು ಎತ್ತಿ ಹಿಡಿಯಿರಿ: ಮರುಕ್ಷಣವೇ ಅವರು ಸೆರಗು ಸರಿಪಡಿಸಿಕೊಂಡು, ಕೈಯ ಕೆಲಸವನ್ನು ಬಿಟ್ಟು, ಗಂಭೀರವಾಗಿ ಕುಳಿತುಬಿಡುವರು. ಆ ಚಿತ್ರ ಗೋಡೆಗೆ ಚೆನ್ನ; ಆದರೆ ಅದರಲ್ಲಿ ಅವರು ಇರುವುದಿಲ್ಲ. ಅಂಗೈಯಲ್ಲಿ ಅಡಗುವ ಸಣ್ಣ ಯಂತ್ರಕ್ಕೆ ಅವರು ಅಷ್ಟಾಗಿ ಅಂಜಲಾರರು.

ಮೂರನೆಯದು ಕಾಡು. ಮಗನ ಮನಸ್ಸಿನಲ್ಲಿರುವುದು ಬಹುಶಃ ಇದೇ. ಎತ್ತರದ ಮರದ ತುದಿಯಲ್ಲಿ ಕುಳಿತ ಮಂಗಟ್ಟೆ ಹಕ್ಕಿಯನ್ನಾಗಲಿ, ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೆಂದಳಿಲನ್ನಾಗಲಿ ಹಿಡಿಯುವುದು ಜೇಬಿನ ಕ್ಯಾಮೆರಾಕ್ಕೆ ಸಾಧ್ಯವಾದ ಕೆಲಸವಲ್ಲ. ಅದಕ್ಕೆ ೩೦೦ ಅಥವಾ ೪೦೦ ಮಿಲಿಮೀಟರಿನ ಉದ್ದ ಮಸೂರ ಬೇಕು. ಅಂದರೆ ಮಿರರ್‌ಲೆಸ್ ಕ್ಯಾಮೆರಾವೇ ಬೇಕು. ಆದರೆ ಮಸೂರದ ಬೆಲೆ ಕ್ಯಾಮೆರಾದ ಬೆಲೆಯನ್ನೇ ಮೀರುವುದುಂಟೆಂಬುದನ್ನೂ, ಅದಕ್ಕಿಂತ ಹೆಚ್ಚಾಗಿ ಅದು ಕಾಲವನ್ನು ಬೇಡುವುದೆಂಬುದನ್ನೂ ಮರೆಯಬಾರದು. ಇದೇ ಸೀಮೆಯ ಕುಪ್ಪಳಿಯ ಮನೆತನದಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಕಥೆ ಕಾದಂಬರಿಗಳಿಗೆ ಹೇಗೋ ಹಕ್ಕಿಗಳ ಛಾಯಾಚಿತ್ರಗಳಿಗೂ ಹಾಗೆಯೇ ಹೆಸರಾದವರು. ಅವರು ಕಾಡಿನ ಮಗ್ಗುಲಲ್ಲಿಯೇ ಬದುಕಿದವರು. ರಜೆಯ ನಾಲ್ಕು ದಿನಗಳಿಗೆಂದು ಬಂದವನಿಗೆ ಹಕ್ಕಿ ಅಷ್ಟು ಸುಲಭವಾಗಿ ಒಲಿಯುವುದಿಲ್ಲ.

ಇಷ್ಟಾದ ಮೇಲೆ ಯಾವ ಅಂಗಡಿಯ ಪಟ್ಟಿಯಲ್ಲಿಯೂ ಕಾಣದ ಒಂದು ಮಾತು ಉಳಿದಿದೆ: ತೇವ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆ ಸೀಮೆಯಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವಂತೆ ಮಸೂರದ ಗಾಜಿಗೂ ಹಿಡಿಯುತ್ತದೆ. ಜೇಡರ ಬಲೆಯಂತಹ ಸಣ್ಣ ಎಳೆಗಳಾಗಿ ಹಬ್ಬುತ್ತ, ಬಹುಕಾಲ ಹಾಗೆಯೇ ಬಿಟ್ಟರೆ ಗಾಜಿನ ಮೇಲ್ಮೈಯನ್ನೇ ತಿನ್ನುತ್ತದೆ. ಮಿರರ್‌ಲೆಸ್ ಕ್ಯಾಮೆರಾವಾದರೆ ಹಾಳಾದ ಮಸೂರವನ್ನು ಮಾತ್ರ ಬೇರ್ಪಡಿಸಿ ರಿಪೇರಿಗೆ ಕೊಡಬಹುದು. ಕಾಂಪ್ಯಾಕ್ಟಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಆದರೆ ಮಸೂರ ಬದಲಾಯಿಸಲೆಂದು ಮಳೆಯಲ್ಲಿ ಬಾಯಿ ತೆರೆದ ಮಿರರ್‌ಲೆಸ್ಸಿನೊಳಗೆ ನೇರವಾಗಿ ಫಲಕದ ಮೇಲೆಯೇ ಹನಿ ಬೀಳಬಹುದು. ಈ ವಿಷಯದಲ್ಲಿ ಎರಡೂ ಸಮಸಮ. ಯಾವುದನ್ನು ಕೊಂಡರೂ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಎಂಬ ಹರಳಿನ ಪೊಟ್ಟಣದೊಡನೆ ಇಡಿ. ಹರಳಿನ ನೀಲಿ ಬಣ್ಣ ಗುಲಾಬಿಗೆ ತಿರುಗಿತೆಂದರೆ ಅದು ತೇವ ಕುಡಿದು ತಣಿದಿದೆ ಎಂದರ್ಥ. ಬಿಸಿಮಾಡಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಒಣಗಬೇಕಾದುದನ್ನೆಲ್ಲ ಒಲೆಯ ಮೇಲಣ ಅಟ್ಟಕ್ಕೆ ಏರಿಸುವ ರೂಢಿಯುಂಟು. ಕ್ಯಾಮೆರಾವನ್ನು ಮಾತ್ರ ಏರಿಸಬೇಡಿ, ಅದಕ್ಕೆ ಹೊಗೆಯೂ ವೈರಿಯೇ. ಹವಾನಿಯಂತ್ರಿತ ಕಾರಿನಲ್ಲಿ ಬಂದಿಳಿದ ಕೂಡಲೆ ಚೀಲ ಬಿಚ್ಚಿದರೆ ತಣ್ಣಗಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಅರ್ಧ ಗಂಟೆ ಚೀಲದೊಳಗೇ ಇರಲಿ. ಅಷ್ಟರಲ್ಲಿ ಕಾಫಿಯೂ ಆಗುತ್ತದೆ.

“ಇವೆರಡೂ ಏಕೆ, ಕೈಯಲ್ಲಿಯೇ ಫೋನು ಇದೆಯಲ್ಲ!” ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಗತ್ತಿನಲ್ಲಿ ಬಹುಮಂದಿ ಹಾಗೆಂದೇ ತೀರ್ಮಾನಿಸಿದ್ದಾರೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ೨೦೧೦ರಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದರೆ, ೨೦೨೩ರಲ್ಲಿ ಎಂಬತ್ತು ಲಕ್ಷವೂ ಆಗಲಿಲ್ಲ. ಹಗಲಿನಲ್ಲಿ ಅಂಗಳದ ಚಿತ್ರಕ್ಕೆ ಫೋನು ಸಾಕು. ಆದರೆ ಕತ್ತಲೆಯ ಅಡುಗೆಮನೆಯಲ್ಲಿ ಅಲುಗುವ ಮುಖವನ್ನು ಅದು ಬಹುವೇಳೆ ಮಸುಕಾಗಿಸಿ, ಬಳಿಕ ತಾನೇ ಲೆಕ್ಕಹಾಕಿ ನುಣುಪುಮಾಡುತ್ತದೆ. ೮೨ ವರ್ಷಗಳ ಸುಕ್ಕುಗಳನ್ನು ಹಾಗೆ ಒರೆಸಿಹಾಕಿದ ಚಿತ್ರ ನಿಮಗೆ ಬೇಕಿಲ್ಲವಷ್ಟೆ.

ಹಾಗಾದರೆ ತೀರ್ಪೇನು? ಸೋದರಿಯವರೇ, ನಿಮ್ಮ ಮುಂದಿರುವುದು ಒಂದೇ ಮಳೆಗಾಲ, ಒಂದೇ ಚಳಿಗಾಲ. ಅಗಲ ಬಾಯಿಯ ಮಸೂರವೂ ಒಂದಂಗುಲದ ಫಲಕವೂ ಉಳ್ಳ ಕಾಂಪ್ಯಾಕ್ಟನ್ನೇ ಕೊಳ್ಳಿ. ಜೊತೆಗೆ ಗಟ್ಟಿಯಾದ ಮುಕ್ಕಾಲಿಯೊಂದನ್ನು ಕೊಳ್ಳಿ. ಬಳಸಿದ ಕ್ಯಾಮೆರಾವನ್ನು ಕೊಳ್ಳುವುದಾದರೆ ಮಸೂರದೊಳಕ್ಕೆ ಟಾರ್ಚಿನ ಬೆಳಕು ಬಿಟ್ಟು ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಿ. ಮಗನಿಗೆ ಒಂದು ಷರತ್ತು ಹಾಕಿ: ಈ ವರ್ಷ ಮನೆಯ ಒಂದೊಂದು ಮೂಲೆಯನ್ನೂ ಅವನೇ ಮುಕ್ಕಾಲಿಯಿಟ್ಟು ತೆಗೆಯಲಿ. ಆಮೇಲೆಯೂ ನಸುಕಿನಲ್ಲಿ ಎದ್ದು ಕುಂದಾದ್ರಿಯನ್ನು ಏರುವ ಹುಮ್ಮಸ್ಸು ಅವನಲ್ಲಿ ಉಳಿದಿದ್ದರೆ ಮಿರರ್‌ಲೆಸ್ ಕ್ಯಾಮೆರಾವನ್ನೂ ಉದ್ದ ಮಸೂರವನ್ನೂ ಮುಂದೆ ಕೊಡಿಸಬಹುದು. ಮಂಗಟ್ಟೆ ಹಕ್ಕಿ ಮುಂದಿನ ವರ್ಷವೂ ಹಣ್ಣಿನ ಮರಕ್ಕೆ ಬರುತ್ತದೆ. ತೊಟ್ಟಿಮನೆ ಮುಂದಿನ ವರ್ಷ ಇರುವುದಿಲ್ಲ.

ಕೊನೆಯದಾಗಿ ಇನ್ನೊಂದು ಮಾತು. ತೆಗೆದ ಚಿತ್ರಗಳಲ್ಲಿ ಒಂದು ನಲವತ್ತನ್ನಾದರೂ ಆರಿಸಿ, ಕಾಗದದ ಮೇಲೆ ಅಚ್ಚುಹಾಕಿಸಿ, ಅತ್ತೆಯವರ ಮಡಿಲಲ್ಲಿಟ್ಟು ಒಂದೊಂದನ್ನೂ ಕೇಳಿರಿ: ಈ ಕಂಬದ ಬಳಿ ಯಾರು ಕೂರುತ್ತಿದ್ದರು, ಈ ಬಾಗಿಲನ್ನು ಯಾವಾಗ ಇಡಿಸಿದರು, ಈ ಕೋಣೆಯಲ್ಲಿ ಯಾರು ಯಾರು ಹುಟ್ಟಿದರು. ಅವರು ಹೇಳಿದ್ದನ್ನು ಚಿತ್ರದ ಹಿಂದೆ ಸೀಸದ ಕಡ್ಡಿಯಿಂದ ಬರೆದಿಡಿ. ಆ ಅಕ್ಷರಗಳನ್ನು ಬರೆದುಕೊಡುವ ಕ್ಯಾಮೆರಾವನ್ನು ಯಾವ ಕಂಪೆನಿಯೂ ಇನ್ನೂ ಮಾಡಿಲ್ಲ.