ಅಭಿಮಾನಕ್ಕೂ ಆಧಾರ ಬೇಕು

ಔರಂಗಾಬಾದ್ ನಗರಕ್ಕೆ ಛತ್ರಪತಿ ಸಂಭಾಜಿನಗರ ಎಂಬ ಹೆಸರು 2023ರ ಫೆಬ್ರುವರಿಯಲ್ಲಿ ಅಧಿಕೃತವಾಯಿತು. ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ಬಾಂಬೆ ಹೈಕೋರ್ಟ್ 2024ರ ಮೇ ತಿಂಗಳಲ್ಲಿ ವಜಾ ಮಾಡಿತು. ಚಹಾದಂಗಡಿಯ ವಾದ ಮಾತ್ರ ಮುಗಿದಿಲ್ಲ. ಆ ಊರಲ್ಲಿ ನೌಕರಿಯಲ್ಲಿರುವ ಹುಬ್ಬಳ್ಳಿಯ ಹುಡುಗನೊಬ್ಬ ಕನ್ನಡ ವಿಕಿಪೀಡಿಯಾಕ್ಕೆ ಬರೆಯಲು ಹೊರಟಿದ್ದಾನೆ. ನಾಸಿಕ್‌ನಿಂದ ನಾನು ಅವನಿಗೆ ಸಂಪಾದನೆಯ ಪಾಠ ಹೇಳುತ್ತಿದ್ದೇನೆ.

ಹೆಸರಿನ ವಿಷಯ ಸುಲಭ. ಈಗಿನ ಹೆಸರು, ಹಿಂದಿನ ಹೆಸರು, ಆದೇಶ, ತೀರ್ಪು ಇಷ್ಟನ್ನೂ ಉಲ್ಲೇಖ ಸಹಿತ ಕೊಟ್ಟರಾಯಿತು. ಬದಲಾವಣೆ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಲೇಖನದ ಕೆಲಸವಲ್ಲ.

ಕಷ್ಟವಾದದ್ದು ಎಲ್ಲೋರಾ. ‘ಕೈಲಾಸ ದೇವಾಲಯ ಕನ್ನಡಿಗರ ಅದ್ಭುತ ಕೊಡುಗೆ’ ಎಂದು ಬರೆದಿದ್ದ. ಆಧಾರ ಕೇಳಿದೆ. ‘ಎಲ್ಲಾರಿಗೂ ಗೊತ್ತೈತಲ್ರೀ ಸರ್’ ಎಂದ. ‘ಹಾಗಾದ್ರೆ ಪುಸ್ತಕದಲ್ಲೂ ಇರಬೇಕು, ಹುಡುಕಪ್ಪ’ ಎಂದೆ.

ಸಿಕ್ಕಿತು. ಕ್ರಿ.ಶ. 812ರ ಸುಮಾರಿನ ಬರೋಡಾ ತಾಮ್ರಶಾಸನ ಎಲಾಪುರದ ಶಿವಾಲಯವನ್ನು ರಾಷ್ಟ್ರಕೂಟರ ಒಂದನೇ ಕೃಷ್ಣನಿಗೆ ಸಲ್ಲಿಸುತ್ತದೆ. ಅದೇ ಕೈಲಾಸವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಕೆಲಸ ದಂತಿದುರ್ಗನ ಕಾಲದಲ್ಲೇ ಶುರುವಾಯಿತು, ಕೃಷ್ಣನ ನಂತರವೂ ನಡೆಯಿತು ಎನ್ನುವವರೂ ಇದ್ದಾರೆ. ಶಾಸನಕ್ಕೆ ನಾವೇ ಅರ್ಥ ಹಚ್ಚುವಂತಿಲ್ಲ; ವಿದ್ವಾಂಸರ ಅಭಿಪ್ರಾಯಗಳನ್ನು ಅವರವರ ಹೆಸರಲ್ಲೇ, ಅವಕ್ಕಿರುವ ತೂಕದಷ್ಟೇ ಬರೆಯಬೇಕು.

ತಟಸ್ಥವಾಗಿರುವುದೆಂದರೆ ಅಭಿಮಾನ ಬಿಡುವುದಲ್ಲ. ಮರಾಠಿ ನೆಲದಲ್ಲಿ ಕನ್ನಡದ ಚರಿತ್ರೆ ಹೇಳುವ ನಮ್ಮ ಮಾತಿಗೆ ಪ್ರಶ್ನೆ ಬಂದೇ ಬರುತ್ತದೆ. ‘ಅದ್ಭುತ’ವನ್ನು ಯಾರು ಬೇಕಾದರೂ ಅಳಿಸಬಹುದು. ಪುಟಸಂಖ್ಯೆ ಸಮೇತ ನಿಂತ ವಾಕ್ಯವನ್ನು ಅಳಿಸಬೇಕಾದರೆ ಅಳಿಸುವವರೇ ಕಾರಣ ಕೊಡಬೇಕಾಗುತ್ತದೆ.