ದೀಪ ಹಚ್ಚುವ ಹೊತ್ತಿಗೆ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪನ ಕಟ್ಟುಪಾಡುಗಳಿಗೆ ಕೊರತೆಯಿರಲಿಲ್ಲ. ಎಲ್ಲಕ್ಕಿಂತ ಬಿಗಿಯಾದದ್ದು ಒಂದು: ಅಮ್ಮ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮಕ್ಕಳೆಲ್ಲ ಕೈಕಾಲು ತೊಳೆದು ಒಳಗಿರಬೇಕು. ಯಾಕೆ ಎಂದರೆ ‘ಹೇಳಿದಷ್ಟು ಕೇಳು’ ಎಂಬ ಉತ್ತರ. ಅದನ್ನು ಬಹಳ ವರ್ಷ ಅಪ್ಪನ ಗತ್ತು ಎಂದೇ ತಿಳಿದಿದ್ದೆ.

ಈಗ ಬೆಂಗಳೂರಿನಲ್ಲಿ ಮಗಳು ಟ್ಯೂಷನ್ ಮುಗಿಸಿ ಬರುವುದು ಸ್ವಲ್ಪ ತಡವಾದರೂ ಗೇಟಿನ ಬಳಿ ನಿಂತಿರುತ್ತೇನೆ. ಅವಳ ಕೈಯಲ್ಲಿ ಫೋನಿದೆ, ಬೀದಿಯಲ್ಲಿ ದೀಪವಿದೆ, ಆದರೂ ತಳಮಳ. ಇವೆರಡೂ ಇಲ್ಲದ ಕಾಲದಲ್ಲಿ ಅಪ್ಪನಿಗೆ ಹೇಗಾಗಿರಬೇಕು?

ನಾವು ಆಡುತ್ತಿದ್ದದ್ದು ಕೊಯ್ಲಾದ ಗದ್ದೆಯಲ್ಲಿ. ಅಂಚಿನ ಬಿಲಗಳಲ್ಲಿ ಇಲಿ, ಇಲಿಯ ಹಿಂದೆ ಹಾವು. ಕೊಳಕುಮಂಡಲ ಕತ್ತಲಾಗುತ್ತಲೇ ಹೊರಬೀಳುತ್ತದೆ. ಒಣಹುಲ್ಲಿನ ನಡುವೆ ಅದು ಮಲಗಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ರಾತ್ರಿ ಗದ್ದೆ ಕಡೆ ಹೋಗುವಾಗ ಅಪ್ಪ ಒಂದು ಕೈಯಲ್ಲಿ ಬ್ಯಾಟರಿ ಹಿಡಿದು, ಇನ್ನೊಂದರಲ್ಲಿ ಕೋಲು ಕುಟ್ಟುತ್ತಾ ನಡೆಯುತ್ತಿದ್ದರು. ಆ ಸದ್ದು ನಮ್ಮ ಅಂಗಳದವರೆಗೂ ಕೇಳುತ್ತಿತ್ತು. ದೊಡ್ಡ ಚಿಕಿತ್ಸೆ ಬೇಕೆಂದರೆ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೇ ಓಡಬೇಕು, ಸಂಜೆಯ ಬಸ್ಸು ಹೋದ ಮೇಲೆ ಓಡುವುದಾದರೂ ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ಹಾವು ಕಡಿತವನ್ನು ನಿರ್ಲಕ್ಷಿತ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಕರ್ನಾಟಕ ಸರ್ಕಾರ ಹೇಳಿದ್ದು 2024ರಲ್ಲಿ. ಅದಕ್ಕೂ ಎಷ್ಟೋ ಮೊದಲು ನಮ್ಮ ಮನೆಯ ಹಿರಿಯರ ಕೈಲಿದ್ದದ್ದು ಆ ಒಂದು ಮಾತು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನನ್ನೇ ಕೇಳಿದೆ, ಆಗಲೇ ಯಾಕೆ ಬಿಡಿಸಿ ಹೇಳಲಿಲ್ಲವೆಂದು. ‘ಹೇಳಿದ್ರೆ ನೀವು ಹೆದ್ರಿ ಕೊಟ್ಟಿಗೆಗೂ ಹೋಗ್ತಿರ್ಲಿಲ್ಲ ಮಾರಾಯ’ ಎಂದರು. ಭಯವನ್ನೆಲ್ಲ ತಾವಿಟ್ಟುಕೊಂಡು ನಮಗೆ ಬರೀ ನಿಯಮ ಕೊಟ್ಟಿದ್ದರು.

ಆದರೆ ಅಪ್ಪನ ಎಲ್ಲ ಮಾತನ್ನೂ ಹೀಗೆ ಒಪ್ಪಿಕೊಳ್ಳಲು ನನ್ನಿಂದಾಗದು. ನಾನು ಹೈಸ್ಕೂಲಿಗೆ ಬಂದ ಮೇಲೆ ಈ ಕಟ್ಟುಪಾಡು ನನಗೆ ಸಡಿಲವಾಯಿತು, ಕಾಲೇಜಿಗೆ ಹೋಗುತ್ತಿದ್ದ ಅಕ್ಕನಿಗೆ ಆಗಲಿಲ್ಲ. ಅಲ್ಲಿ ಇದ್ದದ್ದು ಹಾವಿನ ಭಯವಲ್ಲ, ಊರವರ ಬಾಯಿಯ ಭಯ. ಕಾಲೇಜಿನ ನಾಟಕದಲ್ಲಿ ಸಿಕ್ಕಿದ್ದ ಪಾತ್ರವನ್ನು, ಸಂಜೆಯ ರಿಹರ್ಸಲ್‌ಗೆ ಉಳಿಯುವಂತಿಲ್ಲವೆಂದು ಅವಳು ಬಿಟ್ಟುಕೊಟ್ಟಳು. ಮಗಳ ತಂದೆಯಾದ ಮೇಲೆ ಅದು ನನ್ನನ್ನು ಮೊದಲಿಗಿಂತ ಹೆಚ್ಚು ನೋಯಿಸುತ್ತದೆ. ಕಾರಣ ಹೇಳದೆ ಹೇರಿದರೆ ಕಾಳಜಿ ಯಾವುದು, ಲೋಕದ ಅಂಜಿಕೆ ಯಾವುದು ಎಂದು ಮಕ್ಕಳಿಗೆ ತಿಳಿಯುವುದೇ ಇಲ್ಲ.

ನಮ್ಮ ಮನೆಯಲ್ಲಿ ಮಗನಿಗೂ ಮಗಳಿಗೂ ಎಂಟು ಗಂಟೆಯೇ ಗಡುವು. ಬಸ್ ಸ್ಟಾಪಿನಿಂದ ಬರುವ ಅಡ್ಡರಸ್ತೆಯಲ್ಲಿ ರಾತ್ರಿ ಬೀದಿನಾಯಿಗಳು ಅಟ್ಟಿಸಿಕೊಂಡು ಬರುತ್ತವೆ, ಅದಕ್ಕೆ ಎಂದೂ ಹೇಳಿದ್ದೇವೆ. ‘ಹಾಗಾದ್ರೆ ಮೇನ್ ರೋಡಲ್ಲಿ ಬಂದ್ರೆ ಎಂಟೂವರೆ ಆಗ್ಬಹುದಾ ಅಪ್ಪಾ?’ ಎಂದು ಮಗಳು ಚೌಕಾಸಿಗೆ ಇಳಿದಳು. ಮರುದಿನ ಅದೇ ಹೊತ್ತಿಗೆ ಆ ರಸ್ತೆಯಲ್ಲಿ ನಡೆದು ನೋಡಿ, ಆಗಬಹುದು ಎಂದೆ.